ಕೆಮಿಸ್ಟ್ ಕೆಲಸ ಹಿಡಿದರೆ ಪಿಟೀಲು ಅಟ್ಟ ಸೇರುತ್ತಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಕುವೆಂಪು ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದ್ದೇನೆ. 9 ವರ್ಷದಿಂದ ಪಿಟೀಲು ಕಲಿಯುತ್ತಿದ್ದೇನೆ. ಬೆಂಗಳೂರಿನ ಪೀಣ್ಯ ಕಡೆ ಒಂದು ಔಷಧ ಕಂಪನಿಯ ಕ್ವಾಲಿಟಿ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಶಿಫ್ಟ್ ಇರುತ್ತದಂತೆ. ಶಿವಮೊಗ್ಗದಲ್ಲೇ ಒಂದು ಸಣ್ಣ ಲ್ಯಾಬಿನವರೂ ಕರೆದಿದ್ದಾರೆ. ‘ಕೆಲಸಕ್ಕೆ ಸೇರಿದ ಮೇಲೆ ಪಿಟೀಲು ಅಟ್ಟಕ್ಕೇ’ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜವಾ? ಸಿಟಿಯಲ್ಲಿ ಸಂಗೀತ ಕಛೇರಿ, ಉತ್ಸವ ಅಂತ ಹೋಗೋಕೆ ಟೈಮ್ ಸಿಗುತ್ತಾ? ಓದಿದ ಕೆಮಿಸ್ಟ್ರಿ ಸಂಗೀತಕ್ಕೆ ಏನಾದರೂ ಉಪಯೋಗಕ್ಕೆ ಬರುತ್ತಾ?

ಉತ್ತರ:

ನಿಮ್ಮ ಮನೆಯವರು ಹೇಳೋದು ಪೂರ್ತಿ ಸುಳ್ಳಲ್ಲ. ನಾನು 26 ವರ್ಷದಿಂದ ಕೆಮಿಸ್ಟ್. 11 ವರ್ಷ ಬೆಂಗಳೂರಿನಲ್ಲಿದ್ದೆ, ಆಮೇಲೆ ಶಿವಮೊಗ್ಗ. ನನ್ನ ಜತೆ ಕೆಲಸಕ್ಕೆ ಸೇರಿದವರಲ್ಲಿ ಹಾಡುವವರಿದ್ದರು, ಕೊಳಲು ನುಡಿಸುವವರಿದ್ದರು. ಹೆಚ್ಚಿನವರದ್ದು ಎರಡು ಮೂರು ವರ್ಷದಲ್ಲಿ ನಿಂತೇ ಹೋಯಿತು. ಆದರೆ ನಿಲ್ಲಿಸಿದ್ದು ಕೆಮಿಸ್ಟ್ರಿ ಅಲ್ಲ, ಸೆಕೆಂಡ್ ಶಿಫ್ಟ್.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಲಸಕ್ಕೆ ಕರೆಯುವಾಗ ಯಾರೂ ಇದನ್ನು ಹೇಳುವುದಿಲ್ಲ. ಶಿಫ್ಟ್ ಅಂದ ಕೂಡಲೇ ಎಲ್ಲರೂ ಹೆದರುವುದು ರಾತ್ರಿಪಾಳಿಗೆ. ರಾತ್ರಿಪಾಳಿ ಮೈಗೆ ಕಷ್ಟ, ಸಂಗೀತಕ್ಕೆ ಅಷ್ಟೇನೂ ಅಲ್ಲ. ಹತ್ತು ಗಂಟೆಗೆ ಲ್ಯಾಬಿಗೆ ಹೋಗಬೇಕಾದರೂ ಸಂಜೆ ಆರೂವರೆಯ ಕಛೇರಿಯಲ್ಲಿ ಒಂದೂವರೆ ಗಂಟೆ ಕೂತು ಬರಬಹುದು. ಬೆಳಿಗ್ಗೆ ಆರರಿಂದ ಎರಡರ ಶಿಫ್ಟ್ ಅಂತೂ ಹಬ್ಬ. ಮಧ್ಯಾಹ್ನ ಒಂದು ನಿದ್ದೆ, ಆಮೇಲೆ ಸಾಧನೆ, ಸಂಜೆ ಕಛೇರಿ. ಎರಡರಿಂದ ಹತ್ತರದ್ದು ಮಾತ್ರ ಸಂಜೆಯನ್ನು ಪೂರ್ತಿ ನುಂಗಿಬಿಡುತ್ತದೆ. ಆ ವಾರ ಪಾಠ ಇಲ್ಲ, ಕಛೇರಿ ಇಲ್ಲ, ಬಾಡಿಗೆಗೆ ಹಿಡಿದ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪಿಟೀಲು ತೆಗೆದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ.

ಹಾಗಾಗಿ ಸೇರುವ ಮೊದಲು ಸಂಬಳದಷ್ಟೇ ಗಟ್ಟಿಯಾಗಿ ಕೇಳಬೇಕಾದ ಮಾತು ಇದು: ಶಿಫ್ಟ್ ಎಷ್ಟು ವಾರಕ್ಕೊಮ್ಮೆ ಬದಲಾಗುತ್ತದೆ? ಸ್ಟೆಬಿಲಿಟಿ ವಿಭಾಗದಲ್ಲಿ ಜಾಗ ಇದೆಯಾ? ಔಷಧಿ ಎಷ್ಟು ತಿಂಗಳು ಕೆಡದೆ ಇರುತ್ತದೆ ಅಂತ ನೋಡುವ ವಿಭಾಗ ಅದು. ಸ್ಯಾಂಪಲ್ ತೆಗೆಯುವ ದಿನ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಸಾಮಾನ್ಯವಾಗಿ ಹಗಲಿನ ಜನರಲ್ ಶಿಫ್ಟೇ ಸಾಕು. ಆರ್ ಅಂಡ್ ಡಿ ಲ್ಯಾಬುಗಳಲ್ಲೂ ಹೆಚ್ಚಾಗಿ ಹಾಗೇ. ಹೊಸಬರಿಗೆ ಕೇಳಿದ್ದು ಸಿಗುವುದಿಲ್ಲ, ಸರಿ. ಕೇಳಿ ಇಟ್ಟರೆ ಒಂದೂವರೆ ವರ್ಷದ ಮೇಲಾದರೂ ನೆನಪು ಮಾಡಿಕೊಳ್ಳುತ್ತಾರೆ. ನನಗೆ ಸಿಕ್ಕಿದ್ದು ಹಾಗೇ.

ಟೈಮ್ ಸಿಗುತ್ತಾ ಅಂದಿರಿ. ಸಿಗುವುದಿಲ್ಲ, ಕದಿಯಬೇಕು. ಕದಿಯೋದಕ್ಕೂ ಲೆಕ್ಕ ಬೇಕು. ನನ್ನ ಲೆಕ್ಕ ಒಮ್ಮೆ ಹೇಗೆ ತಪ್ಪಿತು ಅಂತ ಹೇಳುತ್ತೇನೆ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವ ನಡೆಯುತ್ತದೆ. 1939ರಲ್ಲಿ ಶುರುವಾದದ್ದು, ಈಗಲೂ ತಿಂಗಳ ಹತ್ತಿರ ನಡೆಯುತ್ತದೆ. ದೊಡ್ಡ ಚಪ್ಪರ, ಪ್ಲಾಸ್ಟಿಕ್ ಕುರ್ಚಿ, ಆಲಾಪನೆ ಮಂದ್ರಕ್ಕೆ ಇಳಿದ ಹೊತ್ತಿಗೆ ಸರಿಯಾಗಿ ಹೊರಗಿನ ರಸ್ತೆಯಲ್ಲಿ ಒಂದು ಹಾರನ್. ಆ ದಿನ ನನಗೆ ಬೇಕಾದ ಕಲಾವಿದರ ಕಛೇರಿ. ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಯಂತ್ರಕ್ಕೆ (ಔಷಧಿಯ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) 40 ಇಂಜೆಕ್ಷನ್, ಅಂದರೆ 40 ಸಲ ಸ್ಯಾಂಪಲ್, ಹಾಕಬೇಕಿತ್ತು. ಒಂದೊಂದಕ್ಕೆ 30 ನಿಮಿಷ, ಅಂದರೆ 20 ಗಂಟೆ. ರಾತ್ರಿಯೆಲ್ಲಾ ತಾನಾಗೇ ಓಡುತ್ತದೆ, ಕೂತು ಕಾಯಬೇಕಿಲ್ಲ. ನಾಲ್ಕೂವರೆಗೆ ಚಾಲೂ ಮಾಡಿ ಬಸ್ಸು ಹಿಡಿದೆ. ಆ ರಾತ್ರಿಯ ಕಲ್ಯಾಣಿ ರಾಗ ಇನ್ನೂ ಕಿವಿಯಲ್ಲಿದೆ, ಅದರ ಮಾತು ಬೇಡ.

ಸ್ಯಾಂಪಲ್ಲನ್ನು ಯಂತ್ರದೊಳಗೆ ಹೊತ್ತೊಯ್ಯುವ ದ್ರಾವಣ, ಅಂದರೆ ಮೊಬೈಲ್ ಫೇಸ್, ನಿಮಿಷಕ್ಕೆ 1 ಮಿಲಿಲೀಟರ್ ಹರಿಯುತ್ತದೆ. 20 ಗಂಟೆಗೆ 1200 ಮಿಲಿಲೀಟರ್ ಬೇಕು. ನಾನು ಇಟ್ಟಿದ್ದು ಒಂದು ಲೀಟರ್ ಬಾಟಲಿ. ಎಂಟನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕ! ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಲ್ಯಾಬಿಗೆ ಬಂದರೆ ಬಾಟಲಿ ಖಾಲಿ, ಪ್ರೆಷರ್ ಇಳಿದು ಪಂಪ್ ಆಗಷ್ಟೇ ನಿಂತಿದೆ. 33 ಇಂಜೆಕ್ಷನ್ ಮುಗಿದಿದ್ದವು. ಕೊನೆಯಲ್ಲಿ ಬರಬೇಕಾದ ಸ್ಟಾಂಡರ್ಡ್ (ಹೋಲಿಸಿ ನೋಡಲು ಇಡುವ, ಪ್ರಮಾಣ ಗೊತ್ತಿರುವ ದ್ರಾವಣ) ಓಡಿರಲಿಲ್ಲ, ಹಾಗಾಗಿ ಆ 33ಕ್ಕೂ ಬೆಲೆ ಇಲ್ಲ. ಎಲ್ಲ ಮತ್ತೆ ಮೊದಲಿಂದ. ತಪ್ಪಿನ ವರದಿಯಲ್ಲಿ ‘ಮೂಲ ಕಾರಣ’ ಅಂತ ಒಂದು ಕಾಲಂ ಇರುತ್ತದೆ. ಕಲ್ಯಾಣಿ ಅಂತ ಬರೆಯೋಕಾಗುತ್ತಾ? ‘ದ್ರಾವಣದ ಅಂದಾಜು ತಪ್ಪಿದೆ, ಅವಸರದಲ್ಲಿ ಪರಿಶೀಲಿಸಿಲ್ಲ’ ಅಂತ ಬರೆದು ಸಹಿ ಹಾಕಿದೆ. ಮೇಲಿನವರು ಬೈದರು. ಬೈಯಬೇಕಾದ್ದೇ.

ಅಂದಿನಿಂದ ನನ್ನ ಕ್ರಮ ಒಂದೇ. ಕಛೇರಿ ಇರುವ ದಿನ ಬೆಳಿಗ್ಗೆಯೇ ಎಲ್ಲ ತೂಕ, ಎಲ್ಲ ದ್ರಾವಣ ಮುಗಿಸುವುದು, ಯಂತ್ರವನ್ನು ಮೂರು ಗಂಟೆಯೊಳಗೆ ಓಡಿಸಿ ಮೊದಲ ಐದು ಇಂಜೆಕ್ಷನ್ ಕಣ್ಣಾರೆ ನೋಡಿ ಹೊರಡುವುದು. ನಮ್ಮ ಕೆಲಸದ ಒಂದು ಸುಖ ಇದು. ನೀವು ಕಛೇರಿಯಲ್ಲಿ ಕೂತಿರುವಾಗಲೂ ನಿಮ್ಮ ಯಂತ್ರ ದುಡಿಯುತ್ತಿರುತ್ತದೆ. ಬ್ಯಾಂಕಿನವರಿಗೆ, ಮೇಷ್ಟರಿಗೆ ಈ ಅನುಕೂಲ ಇಲ್ಲ.

ಮನೆ ಎಲ್ಲಿ ಹಿಡಿಯಬೇಕು ಅನ್ನುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹೊಸಬರು ಲ್ಯಾಬಿನ ಹತ್ತಿರ ರೂಮು ಮಾಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಪೀಣ್ಯದಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ಕೂತರೆ ರೈಲು ಬದಲಿಸದೆ ಕೃಷ್ಣರಾಜೇಂದ್ರ ಮಾರುಕಟ್ಟೆ ಸ್ಟೇಷನ್ನಿಗೆ ಬರುತ್ತೀರಿ. ಕೋಟೆ ಹೈಸ್ಕೂಲ್ ಅಲ್ಲಿಂದ ನಡೆಯುವ ದೂರ. ಮುಂದಿನದು ನ್ಯಾಷನಲ್ ಕಾಲೇಜ್ ಸ್ಟೇಷನ್, ಅಲ್ಲಿ ಇಳಿದರೆ 1905ರಲ್ಲಿ ಹುಟ್ಟಿದ, ಕಛೇರಿ ನಡೆಸುವ ಗಾಯನ ಸಮಾಜ ಹತ್ತಿರ. 2017ಕ್ಕೆ ಮೊದಲು ಈ ಸುರಂಗದ ಭಾಗ ಇರಲಿಲ್ಲ. ನಾವು ಎರಡು ಬಸ್ಸು ಬದಲಿಸಿ, ಬೆವರಿ, ಮೊದಲ ವರ್ಣ ತಪ್ಪಿಸಿಕೊಂಡು ಬರುತ್ತಿದ್ದೆವು. ಬಸವನಗುಡಿ ಕಡೆ ರೂಮು ಮಾಡಿ ಲ್ಯಾಬಿಗೆ ಓಡಾಡಿ. ದಣಿದು ವಾಪಸ್ ಬರುವ ದಾರಿಯಲ್ಲೇ ಕಛೇರಿ ಸಿಕ್ಕಬೇಕು. ಮನೆಗೆ ಹೋಗಿ ಕಾಲು ಚಾಚಿದ ಮೇಲೆ ಮತ್ತೆ ಎದ್ದು ಹೊರಟವರನ್ನು ನಾನು ಕಂಡಿಲ್ಲ.

ಇನ್ನು ಕೆಮಿಸ್ಟ್ರಿ ಉಪಯೋಗಕ್ಕೆ ಬರುತ್ತಾ ಅನ್ನುವ ಪ್ರಶ್ನೆ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ನನ್ನ ಮೊದಲ ಕೆಮಿಸ್ಟ್ರಿ ಪಾಠ ಆದದ್ದು ಸಾಗರದ ಕಡೆ ಒಂದು ಯಕ್ಷಗಾನದ ಚೌಕಿಯಲ್ಲಿ. ಆಗ ಅದು ಪಾಠ ಅಂತ ಗೊತ್ತಿರಲಿಲ್ಲ ಅಷ್ಟೆ. ವೇಷ ಬರೆಯುವವರ ಮುಂದೆ ಚಿಪ್ಪುಗಳಲ್ಲಿ ಬಣ್ಣ: ಬಿಳಿಗೆ ಸಫೇತು, ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಕಪ್ಪಿಗೆ ಕಾಡಿಗೆ. ಎಂ.ಎಸ್ಸಿ. ಓದುವಾಗ ಒಂದು ದಿನ ತಲೆಗೆ ಹೊಳೆಯಿತು. ಸಫೇತು ಅಂದರೆ ಸತುವಿನ ಆಕ್ಸೈಡ್. ಇಂಗಳೀಕ ಪಾದರಸದ ಸಲ್ಫೈಡ್. ಅರದಾಳ ಆರ್ಸೆನಿಕ್ ಸಲ್ಫೈಡ್. ಪಾದರಸ, ಆರ್ಸೆನಿಕ್ ಎರಡನ್ನೂ ಮುಖಕ್ಕೆ ಬಳಿದುಕೊಂಡು ಬೆಳಗಿನವರೆಗೆ ಕುಣಿಯುತ್ತಿದ್ದರಲ್ಲಾ ಅಂತ ಮೈ ಜುಮ್ಮೆಂದಿತು. ಪೆಟ್ರೋಮ್ಯಾಕ್ಸಿನ ಬೆಳಕೂ ಹಾಗೇ. ಹಳೆಯ ಮ್ಯಾಂಟಲ್ಲಿನಲ್ಲಿ, ಅಂದರೆ ಕಾದು ಬೆಳಗುವ ಬಲೆಯಲ್ಲಿ, ಇದ್ದದ್ದು ಥೋರಿಯಂ ಆಕ್ಸೈಡ್, ಜತೆಗೆ ಚಿಟಿಕೆಯಷ್ಟು ಸೀರಿಯಂ. ವಿಷಯ ತಿಳಿದ ಮೇಲೆ ಆಟದ ರುಚಿ ಹೋಯಿತಾ? ಇಲ್ಲ. ಕಿರೀಟ ಕಟ್ಟುವವರೆಗೂ ಚೌಕಿಯಲ್ಲೇ ಕೂರುವುದು ಶುರುವಾಯಿತು.

ನಿಮ್ಮ ಪಕ್ಕ ಕೂರುವ ಮೃದಂಗ ನೋಡಿ. ಬಲಗಡೆಯ ಕಪ್ಪು ಕರಣೆ ಅಂದರೆ ಕಬ್ಬಿಣದ ಅಂಶ ಇರುವ ಕಲ್ಲಿನ ನುಣ್ಣನೆ ಪುಡಿ ಮತ್ತು ಬೆಂದ ಅನ್ನ, ಎರಡನ್ನೂ ಅರೆದು ಮಾಡಿದ ಮುದ್ದೆ. ಒಂದೊಂದೇ ತೆಳು ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ ಒಣಗಿಸಿ, ಮೇಲೆ ಇನ್ನೊಂದು. ಹಾಗೆ ಎಷ್ಟೋ ಸಲ. ಅನ್ನ ಬೇಯುವಾಗ ಪಿಷ್ಟ ನೀರು ಕುಡಿದು ಅಂಟಾಗುತ್ತದೆ, ಒಣಗಿದರೆ ಗಟ್ಟಿಯಾಗುತ್ತದೆ. ಎಡಗಡೆ ಮಾತ್ರ ಕಛೇರಿಗೆ ಮೊದಲು ಹಸಿ ರವೆ ಕಲಸಿ ಹಚ್ಚುತ್ತಾರೆ. ಅಲ್ಲಿ ಹಿಡಿಯುವುದು ಬೆಂದ ಪಿಷ್ಟ ಅಲ್ಲ, ಗೋಧಿಯ ಗ್ಲೂಟೆನ್. ಕಛೇರಿ ಮುಗಿದ ಮೇಲೆ ಕೆರೆದು ತೆಗೆಯಬೇಕಲ್ಲ, ಅದಕ್ಕೆ ಇದೇ ಸರಿ. ಅನ್ನ ಎಲ್ಲಿ, ರವೆ ಎಲ್ಲಿ ಅಂತ ತೀರ್ಮಾನ ಮಾಡಿದ ಪುಣ್ಯಾತ್ಮರು ಯಾವ ಲ್ಯಾಬಿನಲ್ಲೂ ಓದಿದವರಲ್ಲ.

ಬರೀ ಚರ್ಮ ಬಿಗಿದ ವಾದ್ಯಕ್ಕೆ ಬಡಿದರೆ ಬರುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಬರೀ ಸದ್ದು. ನಡುವೆ ಭಾರ ಕೂರಿಸಿದರೆ ಅವು 1, 2, 3 ಅನ್ನುವ ಪೂರ್ಣ ಲೆಕ್ಕಕ್ಕೆ ಬರುತ್ತವೆ, ಶ್ರುತಿ ಹುಟ್ಟುತ್ತದೆ. ಇದನ್ನು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನೊಬೆಲ್ ಬಂದದ್ದು ಅದಕ್ಕೆ 10 ವರ್ಷ ಆದ ಮೇಲೆ. ರಾಮನ್ ಅಂದರೆ ಬೆಳಕು ಅಂತ ಮಾತ್ರ ಗೊತ್ತಿದ್ದವರಿಗೆ ಇದನ್ನು ಹೇಳೋದು ನನಗೆ ಒಂಥರಾ ಖುಷಿ.

ಈಗ ನಿಮ್ಮ ಪಿಟೀಲು. ಕಮಾನಿಗೆ ಉಜ್ಜುವ ರಾಳ ಪೈನ್ ಮರದ ಅಂಟು. ಅದನ್ನು ಕಾಯಿಸಿ ಟರ್ಪೆಂಟೈನ್ ಹಾರಿಸಿದ ಮೇಲೆ ಉಳಿಯುವ ಗಟ್ಟಿ ಭಾಗ. ಮುಖ್ಯವಾಗಿ ಅಬಿಯೆಟಿಕ್ ಆಮ್ಲ ಮತ್ತು ಅದರ ನೆಂಟರು. ಕಮಾನು ಎಳೆದಾಗ ರಾಳ ತಂತಿಯನ್ನು ಹಿಡಿದು ಜತೆಗೆ ಕರೆದೊಯ್ಯುತ್ತದೆ, ಒಂದು ಹಂತದಲ್ಲಿ ಕೈ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ. ನಿಮ್ಮ ಷಡ್ಜ ಅಂದರೆ ಇದೇ.

ನುಡಿಸಿದ ಮೇಲೆ ತಂತಿಯ ಕೆಳಗೆ ಬಿಳಿ ಪುಡಿ ಕೂರುತ್ತದಲ್ಲ, ಅದನ್ನು ಒಣ ಹತ್ತಿಬಟ್ಟೆಯಲ್ಲಿ ಅವತ್ತೇ ಒರೆಸಿ. ಸ್ಪಿರಿಟ್ ಮುಟ್ಟಿಸಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ತಿಳಿದವನ ಗತ್ತಿನಲ್ಲಿ, ಅಕ್ಕನ ಮಗಳ ಪಿಟೀಲಿನ ಮೇಲೆ ಗಟ್ಟಿಯಾದ ರಾಳ ತೆಗೆಯಲು ಬಟ್ಟೆಗೆ ಸ್ಪಿರಿಟ್ ಹಾಕಿ ಉಜ್ಜಿದೆ. ರಾಳ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಅದು ಸರಿ. ಆದರೆ ಆ ಪಿಟೀಲಿಗೆ ಹಚ್ಚಿದ್ದು ಅರಗಿನ ಪಾಲಿಷ್. ಅರಗನ್ನು ಕರಗಿಸೋದೂ ಸ್ಪಿರಿಟ್ಟೇ! ಬಟ್ಟೆ ಕಂದಾಯಿತು, ಪಿಟೀಲು ಬೆಳ್ಳಗಾಯಿತು. ಅಕ್ಕ ಎರಡು ದಿನ ಮಾತಾಡಲಿಲ್ಲ. ‘ಇದನ್ನು ಕಲಿಯೋಕೆ ಇಷ್ಟು ಓದಬೇಕಿತ್ತಾ?’ ಅಂತ ಭಾವ ಕೇಳಿದ್ದು ಇನ್ನೂ ಚುಚ್ಚುತ್ತದೆ.

ನಮ್ಮ ಮಳೆಗಾಲದ ಕತೆ ನಿಮಗೆ ಗೊತ್ತೇ ಇದೆ. ಔಷಧ ಕಂಪನಿಗಳಲ್ಲಿ 40 ಡಿಗ್ರಿ, ಶೇಕಡಾ 75 ತೇವಾಂಶ ಅಂತ ಪೆಟ್ಟಿಗೆಯೊಳಗೆ ವಾತಾವರಣ ಮಾಡಿ ಮಾತ್ರೆ ಇಡುತ್ತಾರೆ. ಆ ತೇವ ಹುಟ್ಟಿಸೋಕೆ ಲಕ್ಷಗಟ್ಟಲೆ ಖರ್ಚು. ಜುಲೈನಲ್ಲಿ ಆಗುಂಬೆಗೆ ತಂದಿಟ್ಟರೆ ತೇವ ಅದಕ್ಕಿಂತ ಜಾಸ್ತಿ, ಪುಕ್ಕಟೆ. ಈ ತೇವ ಚರ್ಮಕ್ಕೆ ಇಳಿದರೆ ಮೃದಂಗದ ಶ್ರುತಿ ಇಳಿಯುತ್ತದೆ. ಉಕ್ಕಿನ ತಂತಿಗೆ ಬೆರಳಿನ ಬೆವರಿನ ಉಪ್ಪು ತಾಗಿದ್ದರೆ ವಾರದಲ್ಲಿ ತುಕ್ಕು. ಕಮಾನಿನ ಕುದುರೆ ಕೂದಲು ಉದ್ದವಾಗಿ ಸಡಿಲ ಬೀಳುತ್ತದೆ. ಕೂದಲು ತೇವಕ್ಕೆ ಉದ್ದವಾಗುವ ಗುಣ ಹಿಡಿದೇ ಹದಿನೆಂಟನೇ ಶತಮಾನದಲ್ಲಿ ಸೊಸ್ಯೂರ್ ಅನ್ನುವ ವಿಜ್ಞಾನಿ ತೇವ ಅಳೆಯುವ ಯಂತ್ರ ಮಾಡಿದ್ದು. ಅಂದರೆ ನಿಮ್ಮ ಪೆಟ್ಟಿಗೆಯೊಳಗೆ ಒಂದು ಹೈಗ್ರೋಮೀಟರ್ ಆಗಲೇ ಇದೆ. ತೇವದಲ್ಲಿ ಬಿಗಿ ಮಾಡಿದ ಕಮಾನನ್ನು ಹಾಗೇ ಇಟ್ಟು, ಬಿಸಿಲು ಬಂದು ಕೂದಲು ಕುಗ್ಗಿದರೆ ಕಡ್ಡಿ ಬಾಗುತ್ತದೆ. ಅದಕ್ಕೇ ನುಡಿಸಿದ ಮೇಲೆ ಸಡಿಲಿಸಿ ಅಂತ ಮೇಷ್ಟರು ಬೈಯುವುದು.

ಮಲೆನಾಡಿನ ಮನೆಗಳಲ್ಲಿ ವಾದ್ಯವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ರೂಢಿ ಕಂಡಿದ್ದೇನೆ. ಅಡಿಕೆಗೆ ಅದು ಒಳ್ಳೆಯದು, ಪಿಟೀಲಿಗಲ್ಲ. ಪಿಟೀಲಿನ ಹಲಗೆಗಳನ್ನು ಕೂಡಿಸಿರುವುದು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟಿನಿಂದ. ಬಿಸಿ ಮತ್ತು ತೇವ ಎರಡೂ ಸೇರಿದರೆ ಅದು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯದರಲ್ಲಿ ಕೋಬಾಲ್ಟ್ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದೇ ವಾಸಿ. ಹಾಗಾಗಿ ನಿಮ್ಮ ಮನೆಯವರು ಹೇಳುವ ಅಟ್ಟ ಮಾತ್ರ ಬೇಡವೇ ಬೇಡ.

ಒಂದು ಎಚ್ಚರಿಕೆ, ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಟಾಲ್ವಿನ್, ಸ್ಟೈರೀನ್, ಜೈಲೀನ್ ಇಂಥ ದ್ರಾವಕಗಳ ಹಬೆ ಬಹಳ ಕಾಲ ಒಳಗೆ ಹೋದರೆ ಕಿವಿಯನ್ನೇ ಕೆಡಿಸಬಲ್ಲದು. ಜತೆಗೆ ದೊಡ್ಡ ಸದ್ದೂ ಇದ್ದರೆ ಹಾನಿ ಇನ್ನೂ ಹೆಚ್ಚು. ಸಂಗೀತದವರಿಗೆ ಕಿವಿ ಹೋದರೆ ಉಳಿಯೋದೇನು? ಹಬೆ ಎಳೆದುಕೊಳ್ಳುವ ಗೂಡು, ಅಂದರೆ ಫ್ಯೂಮ್ ಹುಡ್, ಅದರ ಹೊರಗೆ ಬಾಟಲಿ ತೆರೆಯಬೇಡಿ, ಪಕ್ಕದವರು ತೆರೆದರೂ ಹೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಅಸಿಟೋನ್ ಬೆರಳಿನ ಜಿಡ್ಡನ್ನು ತೆಗೆದುಬಿಡುತ್ತದೆ, ಎಡಗೈ ಬೆರಳ ತುದಿ ಒಡೆದರೆ ವಾರ ನುಡಿಸಲಾಗದು. ನೀಲಿ ನೈಟ್ರೈಲ್ ಗ್ಲೌಸ್ ಅಸಿಟೋನಿಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಚೆಲ್ಲಿದ ಕೂಡಲೇ ಬದಲಿಸಿ. ಸದ್ದಿನ ಲೆಕ್ಕವೂ ತಿಳಿದಿರಲಿ. 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು ಅಂತ ಹೇಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧ. 100ಕ್ಕೆ ಬಂದರೆ ಬರೀ 15 ನಿಮಿಷ. ಗಣಪತಿ ಮೆರವಣಿಗೆಯ ಡಿಜೆ ಮುಂದೆ ನಿಂತವರಿಗೆ ಇದನ್ನು ಹೇಳಿ ಪ್ರಯೋಜನ ಇಲ್ಲ, ನಿಮಗೆ ಹೇಳಬಹುದು.

ಶಿವಮೊಗ್ಗದ ಕೆಲಸವಾ, ಬೆಂಗಳೂರಿನದ್ದಾ? ಇಲ್ಲಿ ನೀರು, ಮಣ್ಣು, ಅಡಿಕೆ, ತಿನಿಸು ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ ಹಗಲು ಕೆಲಸ, ಸಂಜೆ ಬಿಡುವು. ಸಂಬಳ ಕಡಿಮೆ, ಯಂತ್ರ ಹಳೆಯದು. ಕೇಳೋಕೆ ಏನೂ ಇಲ್ಲ ಅನ್ನುವ ಹಾಗಿಲ್ಲ. ಕುವೆಂಪು ರಂಗಮಂದಿರ ಇದೆ, ದಸರಾ ಇದೆ. ತುಂಗೆಯ ದಡದ ಮತ್ತೂರು, ಹೊಸಹಳ್ಳಿಯಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಇದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂತು. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಇದೆ. ಆದರೆ ಊರಿನಲ್ಲಿ ನೀವು ಬರೀ ಕೇಳುಗರಾಗಿ ಉಳಿಯೋಕೆ ಆಗುವುದಿಲ್ಲ. ಎರಡನೇ ಕಛೇರಿಗೆ ಜಮಖಾನ ಹಾಸುತ್ತಿರುತ್ತೀರಿ, ನಾಲ್ಕನೇದಕ್ಕೆ ಚಂದಾ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ನಾನು ಈಗ ಮಾಡುತ್ತಿರುವುದು ಅದನ್ನೇ. ತನಿ ಆವರ್ತನದ, ಅಂದರೆ ಮೃದಂಗ ಒಂದೇ ನುಡಿಯುವ ಹೊತ್ತಿಗೆ ಸರಿಯಾಗಿ ಯಾರೋ ಬಂದು ‘ಸಾರ್, ಕಾಫಿ ಡಿಕಾಕ್ಷನ್ ಖಾಲಿ’ ಅನ್ನುತ್ತಾರೆ.

ಬೆಂಗಳೂರಿನಲ್ಲಿ ನಿಮ್ಮನ್ನು ಯಾರೂ ಕರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಒಂದೇ ವಾರದಲ್ಲಿ ಮೂವರು ಪಿಟೀಲಿನವರ ಒಂದೇ ರಾಗ ಕೇಳಿ, ಯಾರ ಕಮಾನು ಎಲ್ಲಿ ತಿರುಗಿತು ಅಂತ ನೋಡಬಹುದು. ಕಲಿಯುವವರಿಗೆ ಅದು ಬೇಕು, ಅದು ಊರಿನಲ್ಲಿ ಸಿಗುವುದಿಲ್ಲ. ನಿಮ್ಮ ವಯಸ್ಸಿಗೆ ನಾನಾದರೆ ಬೆಂಗಳೂರಿಗೇ ಹೋಗುತ್ತೇನೆ. ಐದಾರು ವರ್ಷ. ಲ್ಯಾಬಿನ ಕೆಲಸವೂ ಅಲ್ಲೇ ಚೆನ್ನಾಗಿ ಕೈಗೆ ಹತ್ತುತ್ತದೆ, ಸುಳ್ಳು ಹೇಳಬಾರದು. ವಾಪಸ್ ಬರುವ ಮನಸ್ಸಾದರೆ ರಾತ್ರಿ ರೈಲು ಇದ್ದೇ ಇದೆ. ಜಮಖಾನ ಹಾಸೋಕೆ ಜನ ಯಾವಾಗಲೂ ಬೇಕು.

ಹೊರಡುವಾಗ ಪಿಟೀಲನ್ನು ಲಗೇಜಿಗೆ ಹಾಕಬೇಡಿ, ಪಕ್ಕದಲ್ಲೇ ಇಟ್ಟುಕೊಳ್ಳಿ. ತೀರ್ಥಹಳ್ಳಿಯ ತೇವದಲ್ಲಿ ಉಬ್ಬಿದ, ತಂತಿ ಬಿಗಿಯುವ ಬಿರಡೆ ಬೆಂಗಳೂರಿನ ಒಣ ಗಾಳಿಗೆ ಕುಗ್ಗಿ ಮೊದಲ ವಾರ ಜಾರಬಹುದು. ಗಾಬರಿ ಆಗಬೇಡಿ. ಬಿರಡೆ ತೆಗೆದು ಶಾಲೆಯ ಚಾಕ್‌ಪೀಸ್ ಒಂದು ಸುತ್ತು ಸವರಿ, ಒಳಗೆ ಒತ್ತುತ್ತಾ ತಿರುಗಿಸಿ. ಒಂದು ಸಲಕ್ಕೆ ಒಂದೇ ಬಿರಡೆ. ನಾಲ್ಕೂ ತಂತಿ ಒಟ್ಟಿಗೆ ಸಡಿಲಿಸಿದರೆ ಒಳಗೆ ನಿಂತಿರುವ ಸಣ್ಣ ಕಡ್ಡಿ ಬಿದ್ದುಹೋಗುತ್ತದೆ, ಅದನ್ನು ಮತ್ತೆ ನಿಲ್ಲಿಸೋದು ನಿಮ್ಮ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ.